ದೊಡ್ಡೋರು ಎದ್ದು ಹೋದಮೇಲೆ: ಒಂದು ಕ್ರೈಂ ಧಾರಾವಾಹಿ ಬರೆದ ನನ್ನ ಅನುಭವ

ರಾತ್ರಿ ಹನ್ನೊಂದರ ಹೊತ್ತಿಗೆ ಅಸೋಸಿಯೇಟ್ ಡೈರೆಕ್ಟರ್ ಫೋನ್ ಮಾಡಿ "ದೊಡ್ಡೋರು ಬಿಡ್ತಾರಂತೆ ಸಾರ್" ಅಂದರು. ನಮ್ಮ ಧಾರಾವಾಹಿಯ ತನಿಖಾ ತಂಡದ ಮುಖ್ಯಸ್ಥನಿಗೆ ಸ್ಕ್ರಿಪ್ಟ್‌ನಲ್ಲಿ ಒಂದು ಹೆಸರಿತ್ತು. ಸೆಟ್‌ನಲ್ಲಿ ಯಾರೂ ಆ ಹೆಸರು ಹಿಡಿದು ಮಾತಾಡುತ್ತಿರಲಿಲ್ಲ. ಪಾತ್ರವೂ ದೊಡ್ಡೋರು, ಅದನ್ನು ಮಾಡುತ್ತಿದ್ದ ನಟರೂ ದೊಡ್ಡೋರು. ಅವರ ಒಪ್ಪಂದ ಮುಗಿಯುತ್ತಿತ್ತು. ಮುಂದುವರಿಸಲ್ಲ ಅಂತ ಹೇಳಿಬಿಟ್ಟಿದ್ದರು. ಉಳಿದದ್ದು 14 ದಿನದ ಕಾಲ್‌ಶೀಟ್, ಅಂದರೆ ಅವರು ಶೂಟಿಂಗಿಗೆ ಬರಬೇಕಾದ ದಿನಗಳು. ಕೈಯಲ್ಲಿ ಶೂಟ್ ಆಗಿ ಕೂತಿದ್ದದ್ದು 6 ಎಪಿಸೋಡ್.

ಇದೇ ಸಾಲದು ಅಂತ, ಅದೇ ತಿಂಗಳು ನಮ್ಮ ಹೆಡ್ ರೈಟರ್ ಕೂಡ ಬೇರೆ ಪ್ರಾಜೆಕ್ಟ್‌ಗೆ ಹೋದರು. ನಾನು ಅವರ ಕೈಕೆಳಗೆ ಎರಡನೆಯವನಾಗಿದ್ದೆ. ಮೊದಲು ಡೈಲಾಗ್ ಬರೆಯುತ್ತಿದ್ದೆ, ಆಮೇಲೆ ಸ್ಕ್ರೀನ್‌ಪ್ಲೇ. ಅವರು ರಜೆ ಹಾಕಿದಾಗೆಲ್ಲ ಚಾನೆಲ್ ಮೀಟಿಂಗಿಗೆ ನಾನೇ ಹೋಗುತ್ತಿದ್ದೆ. ಹಾಗಾಗಿ ಆ ಕುರ್ಚಿ ನನಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಎಲ್ಲರಿಗಿಂತ ಜಾಸ್ತಿ ನಾನು ಅಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಹೋದರೆ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಕೌಟುಂಬಿಕ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಹೆಂಗಸು. ಕ್ರೈಂ ಒಂದು ಎಪಿಸೋಡೂ ಬರೆದವರಲ್ಲ. "ಬನ್ನಿ, ನಿಮ್ಮ ಬಗ್ಗೆ ಕೇಳಿದೀನಿ" ಅಂದರು. ಆ ಮಾತಿಗೆ ನನಗೆ ಎಷ್ಟು ಉರಿಯಿತು ಅಂದರೆ, ಏನು ಕೇಳಿದ್ದರು ಅಂತ ಇವತ್ತಿಗೂ ಕೇಳಿಲ್ಲ.

ನಮಗಿದ್ದ ಕೆಲಸ ಏನು ಗೊತ್ತಾ? ಮೇಲಧಿಕಾರಿ ಹೋಗುತ್ತಾನೆ. ಎರಡನೆಯವನು ಆ ಜಾಗ ತನಗೇ ಅಂದುಕೊಂಡಿರುತ್ತಾನೆ. ಹೊರಗಿನಿಂದ ಒಬ್ಬ ಹೆಂಗಸು ಬಂದು ಕೂರುತ್ತಾಳೆ. ತಂಡ ಎರಡಾಗುತ್ತದೆ. ಇದನ್ನು ನಾನು ಬರೆಯಬೇಕು. ಆಗ ನನಗೆ ಹೋಲಿಕೆ ಕಾಣಲೇ ಇಲ್ಲ ಅಂದರೆ ನೀವು ನಂಬಲ್ಲ. ನಿಜವಾಗಲೂ ಕಾಣಲಿಲ್ಲ. ತನ್ನ ಬೆನ್ನು ತನಗೆ ಕಾಣಲ್ಲ ಅನ್ನೋದು ಇದಕ್ಕೇ ಇರಬೇಕು.

ಮೊದಲ ಜಗಳ, ದೊಡ್ಡೋರನ್ನು ಸಾಯಿಸಬೇಕೋ ಬೇಡವೋ ಅನ್ನೋದರ ಮೇಲೆ. ಚಾನೆಲ್‌ಗೆ ಸಾವು ಬೇಕಿತ್ತು. ಗುಂಡೇಟು, ಮಳೆ, ಟೋಪಿ ಕೆಳಗೆ ಬೀಳೋದು. ಪ್ರೋಮೊ ಆಗಲೇ ಅವರ ಕಣ್ಣಿಗೆ ಕಟ್ಟಿತ್ತು. ನಾನೂ ಅದಕ್ಕೇ ಕೈ ಎತ್ತಿದೆ, ಯಾಕೆಂದರೆ ಸಾವು ಬರೆಯೋದು ಸುಲಭ. ಹೊಸ ಹೆಡ್ ಒಪ್ಪಲಿಲ್ಲ. "ಸತ್ತರೆ ಎಲ್ಲರೂ ಸೇರಿ ಅಳ್ತಾರೆ. ಅಳೋ ಮನೆಯಲ್ಲಿ ಕುರ್ಚಿ ಯಾರದು ಅಂತ ಕೇಳೋಕೆ ಎಲ್ಲರಿಗೂ ನಾಚಿಕೆ. ನಾಚಿಕೆ ಬಿಡೋಕೆ 6 ಎಪಿಸೋಡ್ ಬೇಕು. ಅವರೇ ಎದ್ದು ಹೋದ್ರೆ ಅವತ್ತು ಸಂಜೆನೇ ಶುರು" ಅಂದರು. ಮನೆ ಕಥೆ ಬರೆದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ ಅಂತ ನಾನು ಒಳಗೊಳಗೇ ಮೂಗು ಮುರಿದೆ. ಅವರು ಹೇಳಿದ್ದು ಪೂರ್ತಿ ಸರಿ ಇತ್ತು.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡಲು ಎರಡು ವಾರ ಹಳೆಯದನ್ನೆಲ್ಲ ಹಾಕಿಕೊಂಡು ಕೂತೆವು. ನಮ್ಮಲ್ಲಿ ಎಲ್ಲರಿಗೂ ಮೊದಲು ನೆನಪಾಗೋದು 'ಸಿಐಡಿ'. 1998ರಲ್ಲಿ ಶುರುವಾಗಿ 2018ರವರೆಗೆ ಎಳೆದ ಓಟದಲ್ಲಿ ಎಸಿಪಿ ಪ್ರದ್ಯುಮನ್ ಅನ್ನೋ ಮೇಲಧಿಕಾರಿಯೇ ಅದರ ಕಂಬ. ಕಂಬ ಅಲ್ಲಾಡದಿದ್ದರೆ ಕೇಸು ಎಷ್ಟು ಬೇಕಾದರೂ ಬದಲಾಯಿಸಬಹುದು. ನಮಗೆ ಅದರಿಂದ ಉಪಯೋಗ ಇರಲಿಲ್ಲ, ನಮ್ಮ ಕಂಬವೇ ಕಾಲ್‌ಶೀಟ್ ಮುಗಿಸಿ ಹೊರಟಿತ್ತು.

ಬ್ರಿಟನ್ನಿನ 'ಪ್ರೈಮ್ ಸಸ್ಪೆಕ್ಟ್' ನಮಗೆ ಹತ್ತಿರವಾಗಿತ್ತು. 1991ರದ್ದು. ತನಿಖೆ ನಡೆಸುತ್ತಿದ್ದ ಅಧಿಕಾರಿ ಹೃದಯಾಘಾತದಿಂದ ಸಾಯುತ್ತಾನೆ, ಹೆಲೆನ್ ಮಿರೆನ್ ಮಾಡಿದ ಜೇನ್ ಟೆನಿಸನ್ ಆ ಕೇಸು ತನಗೆ ಕೊಡಿ ಅಂತ ಕೇಳಿ ತೆಗೆದುಕೊಳ್ಳುತ್ತಾಳೆ, ಸತ್ತವನ ಬಂಟನಾಗಿದ್ದ ಸಾರ್ಜೆಂಟ್ ಅವಳಿಗೆ ಅಡ್ಡಗಾಲು ಹಾಕುತ್ತಾ ಹೋಗುತ್ತಾನೆ. ಅಲ್ಲಿ ಸಾವು ಇದೆ, ರಾಜಕೀಯವೂ ಇದೆ. ನಾನು ಇದನ್ನೇ ಹಿಡಿದು ಹೊಸ ಹೆಡ್ ಜೊತೆ ವಾದ ಮಾಡಿದೆ, ಸಾಯಿಸಿದರೂ ಆಗುತ್ತಲ್ಲ ಅಂತ. "ಅಲ್ಲಿ ಸತ್ತವನನ್ನ ವೀಕ್ಷಕರು ಎಷ್ಟು ದಿನ ನೋಡಿದ್ರು? ನಮ್ಮವರನ್ನ ವಾರಕ್ಕೆ ಎರಡು ದಿನ, ವರ್ಷಗಟ್ಟಲೆ ನೋಡಿದಾರೆ" ಅಂದರು. ಮುಗೀತು.

ಅಮೆರಿಕದವರು ಇದನ್ನು ಎಷ್ಟೋ ಸಲ ಮಾಡಿ ಕೈ ಪಳಗಿಸಿಕೊಂಡಿದ್ದಾರೆ. 'ಸಿಎಸ್‌ಐ'ಯಲ್ಲಿ ಮೇಲಧಿಕಾರಿಯ ಪಾತ್ರ ಮಾಡುತ್ತಿದ್ದ ವಿಲಿಯಂ ಪೀಟರ್ಸನ್ 2009ರ ಜನವರಿಯಲ್ಲಿ ಬಿಟ್ಟಾಗ ದೊಡ್ಡ ನಟ ಲಾರೆನ್ಸ್ ಫಿಶ್‌ಬರ್ನ್ ಬಂದರು. ಆದರೆ ಮೇಲಧಿಕಾರಿಯಾಗಿ ಅಲ್ಲ, ಕೆಲಸ ಕಲಿಯೋ ಹೊಸಬನಾಗಿ. ಕುರ್ಚಿ ಹೋಗಿದ್ದು ಮೊದಲಿಂದ ಎರಡನೆಯವಳಾಗಿದ್ದ ಕ್ಯಾಥರೀನ್‌ಗೆ. ಅಂದರೆ ಪೋಸ್ಟರ್‌ನ ಜಾಗ ಒಬ್ಬರಿಗೆ, ಕಚೇರಿಯ ಜಾಗ ಇನ್ನೊಬ್ಬರಿಗೆ. ಇದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತೇ ಒಂದು ನೋಟ್ ಬರೆದು, ನಮ್ಮ ಎರಡನೆಯವನಿಗೂ ಹೀಗೇ ಕುರ್ಚಿ ಕೊಡೋಣ ಅಂತ ಕಳಿಸಿದೆ. ಯಾರ ಆಸೆ ಅದು ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ, ಅಲ್ವಾ? 'ಎನ್‌ಸಿಐಎಸ್'ನಲ್ಲಿ 2021ರಲ್ಲಿ ಮಾರ್ಕ್ ಹಾರ್ಮನ್ ಮಾಡುತ್ತಿದ್ದ ಮೇಲಧಿಕಾರಿ ಗಿಬ್ಸ್ ಹೋದದ್ದು 19ನೇ ಸೀಸನ್‌ನ ನಾಲ್ಕನೇ ಎಪಿಸೋಡಿನಲ್ಲಿ. ಅವನ ಜಾಗಕ್ಕೆ ಬಂದ ಪಾರ್ಕರ್ ಅದಕ್ಕೂ ಮೊದಲೇ ಕಾಣಿಸಿಕೊಂಡಿದ್ದ, ಬೇರೆ ಸಂಸ್ಥೆಯ ಅಧಿಕಾರಿಯಾಗಿ. ಹಳಬ ಇರುವಾಗಲೇ ಹೊಸಬನನ್ನು ವೀಕ್ಷಕರಿಗೆ ಪರಿಚಯ ಮಾಡಿಸಿ ಇಟ್ಟಿದ್ದರು. ಇದನ್ನು ನಾವು ಸೀದಾ ಎತ್ತಿಕೊಂಡೆವು. 14 ದಿನದ ಕಾಲ್‌ಶೀಟ್‌ನಲ್ಲಿ 3 ದಿನವನ್ನು, ಕಥೆಯಲ್ಲಿ ದೊಡ್ಡೋರ ಜಾಗಕ್ಕೆ ಬರುವ ಹೊಸ ಮೇಡಂ ಜೊತೆಗಿನ ದೃಶ್ಯಗಳಿಗೇ ಇಟ್ಟೆವು. ಅವಳು ಇಲಾಖೆಯ ಒಳ ವಿಚಾರಣೆಗೆ ಅಂತ ಬರುತ್ತಾಳೆ, ದೊಡ್ಡೋರಿಗೆ ನಾಲ್ಕು ಪ್ರಶ್ನೆ ಕೇಳಿ ಹೋಗುತ್ತಾಳೆ. ಅವರು ಕೋಪ ಮಾಡಿಕೊಳ್ಳಲ್ಲ. ಅವಳು ಹೋದಮೇಲೆ "ಕೆಲಸ ಗೊತ್ತಿರೋಳು" ಅಂತ ಒಂದೇ ಮಾತು. ಆ ಒಂದು ಮಾತು ಮುಂದೆ ನಮ್ಮನ್ನು ಎಷ್ಟು ಕಡೆ ಕಾಪಾಡಿತು ಅಂತ ಲೆಕ್ಕ ಇಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಹೊಸ ಮೇಡಂ ಅಧಿಕಾರ ವಹಿಸಿಕೊಂಡ ಎಪಿಸೋಡನ್ನು ನಾನು ಬರೆದೆ. ಎರಡನೆಯವನು, ನಾವು ಅವನನ್ನು ನಂಬರ್ ಟು ಅಂತಲೇ ಕರೆಯುತ್ತಿದ್ದೆವು, ಫೈಲ್ ತಂದು ಅವಳ ಮೇಜಿನ ಮೇಲೆ ಎಸೆಯುತ್ತಾನೆ. ಎರಡೂವರೆ ಪುಟ ಮಾತು. ಎಷ್ಟು ವರ್ಷ ದುಡಿದೆ, ಎಷ್ಟು ಗುಂಡು ತಿಂದೆ, ನೀವು ಎಲ್ಲಿದ್ರಿ. ಅವಳು ಅದಕ್ಕೆ ಒಂದೂವರೆ ಪುಟ ಉತ್ತರ. ಬರೆಯುವಾಗ ನನ್ನ ಕೈ ನಡುಗುತ್ತಿತ್ತು, ಅಷ್ಟು ಚೆನ್ನಾಗಿ ಬರುತ್ತಿದೆ ಅಂತ. ಶೂಟ್ ಆಯಿತು. ನಟರಿಬ್ಬರೂ ಜೀವ ಬಿಟ್ಟು ಮಾಡಿದರು, ಲೈಟ್ ಹುಡುಗರು ಚಪ್ಪಾಳೆ ಹೊಡೆದರು. ಎಡಿಟ್‌ನಲ್ಲಿ ನೋಡಿದರೆ ಸಪ್ಪೆ. ಸಪ್ಪೆ ಅಂದರೆ, ಜಗಳ ಮುಗಿದಮೇಲೆ ಕಥೆಗೆ ಹೋಗಲು ಜಾಗವೇ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಕೊಂಡ ಮೇಲೆ ಮುಂದಿನ ಎಪಿಸೋಡಿನಲ್ಲಿ ಅವರಿಬ್ಬರು ಏನು ಮಾಡಬೇಕು? ಮತ್ತೆ ಕೂಗಾಡಬೇಕು, ಇಲ್ಲ ರಾಜಿಯಾಗಬೇಕು. ಅಷ್ಟೇ ದಾರಿ.

ಹೊಸ ಹೆಡ್ ಅವತ್ತು ಸಂಜೆ ಎಲ್ಲರನ್ನೂ ಕಳಿಸಿ ನನ್ನೊಬ್ಬನನ್ನೇ ಕೂರಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

"ನಾನು ಬಂದು ಮೂರು ವಾರ ಆಯ್ತು. ನಿಮಗೆ ನನ್ನ ಮೇಲೆ ಕೋಪ ಇದೆ. ಒಂದು ಸಲನಾದ್ರೂ ಕೂಗಾಡಿದ್ರಾ?"

ನಾನು ಸುಮ್ಮನಿದ್ದೆ.

"ಫೈಲ್ ಎಸೆದ್ರಾ? ಇಲ್ಲ ಅಲ್ವಾ. ಮತ್ತೆ ಏನು ಮಾಡಿದ್ರಿ ಹೇಳಿ."

ಆಗಲೂ ಸುಮ್ಮನಿದ್ದೆ. ಅವರೇ ಹೇಳಿದರು. ಒನ್‌ಲೈನ್, ಅಂದರೆ ಎಪಿಸೋಡಿನ ಚಿಕ್ಕ ಸಾರಾಂಶ, ಕಳಿಸಿ ಅಂದರೆ ಸಂಜೆ 6ಕ್ಕೆ ಬದಲು 7ಕ್ಕೆ ಕಳಿಸುತ್ತೀರಿ, ಚಾನೆಲ್‌ನವರು ನೋಡಿದಮೇಲೆ ನಾನು ನೋಡಲಿ ಅಂತ. ನಾನು ಹೇಳಿದ ಬದಲಾವಣೆಯನ್ನು ಮಾಡುತ್ತೀರಿ, ಆದರೆ ಪಕ್ಕದಲ್ಲಿ "ಹೆಡ್ ಹೇಳಿದಂತೆ" ಅಂತ ಬರೆದಿರುತ್ತೀರಿ, ಹಾಳಾದರೆ ನನ್ನ ತಲೆಗೆ ಇರಲಿ ಅಂತ. ಮೀಟಿಂಗ್‌ನಲ್ಲಿ ಹಳೇ ಹೆಡ್ ಹೆಸರು ದಿನಕ್ಕೆ ನಾಲ್ಕು ಸಲ ಬರುತ್ತೆ. ಆಮೇಲೆ ಸ್ವಲ್ಪ ತಡೆದು, "ನಾನಿಲ್ಲದ ಇನ್ನೊಂದು ವಾಟ್ಸಾಪ್ ಗುಂಪು ಇದೆ" ಅಂದರು.

ಇತ್ತು. ನಾನೇ ಮಾಡಿದ್ದೆ. ಕೂತ ಜಾಗದಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಇದನ್ನೇ ಬರೀರಿ. ಇಷ್ಟು ಚೆನ್ನಾಗಿ ಮಾಡೋಕೆ ಬರತ್ತೆ ನಿಮಗೆ, ಬರೆಯೋಕೆ ಯಾಕೆ ಬರಲ್ಲ?" ಅಂದು ಎದ್ದು ಹೋದರು.

ಮನೆಗೆ ಹೋಗಿ ಎರಡು ದಿನ ಪೆನ್ ಮುಟ್ಟಲಿಲ್ಲ. ಕೆಲಸ ಬಿಡೋಣ ಅಂತಲೂ ಅಂದುಕೊಂಡೆ. ಮೂರನೇ ದಿನ ಕೂತಾಗ ಆ ಎಪಿಸೋಡ್ ನಾಲ್ಕು ಗಂಟೆಯಲ್ಲಿ ಮುಗಿಯಿತು. ಜಗಳದ ದೃಶ್ಯ ಪೂರ್ತಿ ಹೋಯಿತು. ಅದರ ಜಾಗಕ್ಕೆ ಬಂದದ್ದು ಇಷ್ಟೇ: ಹೊಸ ಮೇಡಂ ಬರುತ್ತಾಳೆ, ಎಲ್ಲರೂ ಎದ್ದು ನಿಂತು ಸಲ್ಯೂಟ್ ಹೊಡೆಯುತ್ತಾರೆ. ನಂಬರ್ ಟು ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಾನೆ. ಕೇಳಿದ್ದಕ್ಕೆಲ್ಲ "ಯೆಸ್ ಮೇಡಂ". ಫೊರೆನ್ಸಿಕ್‌ನವರ ಫೋನ್ ಬರೋದು ಮಾತ್ರ ಅವನ ಮೊಬೈಲಿಗೆ. ಯಾಕೆಂದರೆ ಅವರ ಹತ್ತಿರ ಇರೋದು ಅವನ ನಂಬರ್. ಹೊಸ ನಂಬರ್ ಕೊಡಬೇಕಾದವನು ಅವನು. ಕೊಟ್ಟಿಲ್ಲ.

ಅವನು ಸುಳ್ಳು ಹೇಳಲ್ಲ, ಯಾವುದನ್ನೂ ಮುಚ್ಚಿಡಲ್ಲ. ಎಲ್ಲವನ್ನೂ ಹತ್ತು ನಿಮಿಷ ತಡವಾಗಿ ಹೇಳುತ್ತಾನೆ. ನಮ್ಮ ಒಂಬತ್ತು ಎಪಿಸೋಡಿನ ಟ್ರ್ಯಾಕ್ ಪೂರ್ತಿ ನಿಂತದ್ದು ಆ ಹತ್ತು ನಿಮಿಷದ ಮೇಲೆ.

ಇದರಲ್ಲಿ ಕ್ರೈಂ ಬರೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ, ನನಗೆ ಅದು ತಡವಾಗಿ ಹೊಳೆಯಿತು. ತನಿಖೆ ಅಂದರೇನೇ ಮಾಹಿತಿ: ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು. ಕಚೇರಿ ರಾಜಕೀಯ ಅಂದರೂ ಅದೇ. ಯಾರಿಗೆ ಮೊದಲು ಹೇಳಿದರು, ಯಾರಿಗೆ ಕೊನೆಗೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡೋ ಅಗತ್ಯವೇ ಇಲ್ಲ. ನಾವು ಮೊದಲು ಕೇಸು ಒಂದು ಕಡೆ, ಸ್ಟೇಷನ್ ರಾಜಕೀಯ ಇನ್ನೊಂದು ಕಡೆ ಅಂತ ಸೀನ್ ಹಂಚುತ್ತಿದ್ದೆವು. ಕೇಸು ಎರಡು ಸೀನ್, ಮುನಿಸು ಒಂದು ಸೀನ್. ನೋಡುವವರು ಮುನಿಸಿನ ಸೀನ್ ಬಂದಾಗ ಎದ್ದು ಹೋಗುತ್ತಾರೆ. ಸುಳಿವು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿಯಲ್ಲೇ ಮುನಿಸನ್ನು ಇಟ್ಟರೆ ಎದ್ದು ಹೋಗಲು ಆಗಲ್ಲ, ಕೊಲೆಗಾರ ಯಾರು ಅನ್ನೋದು ಅದರೊಳಗೇ ಸಿಕ್ಕಿಕೊಂಡಿರುತ್ತದೆ.

ಅದಕ್ಕೆ ಡಿಸ್ಕಶನ್ ರೂಮಿನ ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿದೆ. ಅಡ್ಡಕ್ಕೆ ಸುಳಿವುಗಳು, ಉದ್ದಕ್ಕೆ ಪಾತ್ರಗಳು. ಪ್ರತಿ ಮನೆಯಲ್ಲೂ ಯಾವ ಸೀನ್‌ನಲ್ಲಿ ಗೊತ್ತಾಯಿತು, ಯಾರು ಹೇಳಿದರು ಅಂತ ಬರೆದೆ. ಮೊದಲು ಇಂಥ ಚಾರ್ಟನ್ನು ಕಂಟಿನ್ಯುಯಿಟಿ, ಅಂದರೆ ಒಂದು ಸೀನಿಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ತಪ್ಪಬಾರದು ಅಂತ ಮಾತ್ರ ಮಾಡುತ್ತಿದ್ದೆವು. ಈಗ ಬರೀ "ಯಾರು ಹೇಳಿದರು" ಸಾಲನ್ನು ಓದಿದರೆ ಸ್ಟೇಷನ್‌ನಲ್ಲಿ ಯಾರು ಯಾರ ಕಡೆ ಅಂತ ಗೊತ್ತಾಗುತ್ತಿತ್ತು. ಹೊಸ ಮೇಡಂ ಸಾಲಿನಲ್ಲಿ ಮೊದಲ ಮೂರು ಎಪಿಸೋಡ್ ಎಲ್ಲವೂ ಕೊನೆಯದು. ನಾಲ್ಕನೆಯದರಲ್ಲಿ ಒಂದು ಸುಳಿವು ಅವಳಿಗೇ ಮೊದಲು ಸಿಗುತ್ತದೆ. ಕೊಟ್ಟವರು ಯಾರು ಅನ್ನೋ ಮನೆ ಖಾಲಿ. ಅದರ ಕಥೆ ಆಮೇಲೆ.

ಕೇಸು ನಾವು ತೆಗೆದುಕೊಂಡದ್ದು ಒಬ್ಬ ಲೆಕ್ಕಪತ್ರ ನೋಡುವವನ ಸಾವು. ಮೊದಲಿಗೆ ಆತ್ಮಹತ್ಯೆ ಅಂತ ಕಾಣುತ್ತದೆ. ಸತ್ತವನ ಫೋನ್ ಇನ್ನೊಂದು ಕಡೆ ಆನ್ ಆಗುತ್ತದೆ, ಲೊಕೇಶನ್ ಬರುತ್ತದೆ, ನಂಬರ್ ಟುಗೆ. ಅವನು ತಾನೇ ಹಿಡಿಯೋಣ ಅಂತ ಇಬ್ಬರನ್ನು ಕರೆದುಕೊಂಡು ಹೊರಡುತ್ತಾನೆ, ದಾರಿಯಲ್ಲಿ ಮೇಡಂಗೆ ಮೆಸೇಜ್ ಹಾಕುತ್ತಾನೆ. ಹತ್ತು ನಿಮಿಷ. ಮೇಡಂ ಅಷ್ಟರಲ್ಲಿ ಅದೇ ಏರಿಯಾದ ಗಸ್ತಿನವರನ್ನು ಬೇರೆ ಕಡೆ ಕಳಿಸಿರುತ್ತಾಳೆ, ಯಾಕೆಂದರೆ ಅವಳಿಗೆ ಗೊತ್ತಿರಲಿಲ್ಲ. ಫೋನ್ ಹಿಡಿದಿದ್ದವನು ತಪ್ಪಿಸಿಕೊಳ್ಳುತ್ತಾನೆ. ಎರಡು ದಿನದ ಮೇಲೆ ಇನ್ನೊಂದು ಹೆಣ ಬೀಳುತ್ತದೆ. ಇಲ್ಲಿ ತಪ್ಪು ಯಾರದು? ಕಾಗದದ ಮೇಲೆ ಮೇಡಂದು. ಅವಳಲ್ವಾ ಗಸ್ತನ್ನು ಕಳಿಸಿದ್ದು. ನಂಬರ್ ಟು ಮೆಸೇಜ್ ಹಾಕಿದ್ದ, ಟೈಮ್ ಸಮೇತ ಇದೆ. ಅವನಿಗೆ ಗೊತ್ತು ಅದು ತನ್ನ ತಪ್ಪು ಅಂತ. ಅವಳಿಗೂ ಗೊತ್ತು. ಇಡೀ ಸ್ಟೇಷನ್‌ಗೆ ಗೊತ್ತು. ಯಾರೂ ಬಾಯಿ ಬಿಡಲ್ಲ. ಹೆಣದ ಮುಂದೆ ಇಬ್ಬರೂ ನಿಂತಿರುವ ಆ ದೃಶ್ಯಕ್ಕೆ ನಾನು ಬರೆದದ್ದು ಮೂರು ಸಾಲು. ಹಳೇ ಡ್ರಾಫ್ಟ್‌ನ ನಾಲ್ಕು ಪುಟಕ್ಕಿಂತ ಹತ್ತು ಪಟ್ಟು ಕೆಲಸ ಮಾಡಿತು.

ಇನ್ನೊಂದು ಪಾತ್ರದ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಒಬ್ಬ ಹಿರಿಯ ಕಾನ್‌ಸ್ಟೇಬಲ್ ಇದ್ದ, ಮೊದಲಿಂದಲೂ ಬಾಗಿಲು ತೆಗೆಯೋದು, ಕಾಗದ ತಂದುಕೊಡೋದು, ಇಷ್ಟೇ. ಮೇಲಧಿಕಾರಿ ಬದಲಾದಾಗ ಅವನ ಬೆಲೆ ಏರಿಬಿಟ್ಟಿತು. ಯಾಕೆಂದರೆ ಅವನು ಇಂಥ ಎಂಟು ಜನ ಸಾಹೇಬರನ್ನು ನೋಡಿದವನು. ಯಾರ ಕಡೆಯೂ ಅಲ್ಲ. ಯಾವ ಬೀಗದ ಕೈ ಎಲ್ಲಿದೆ ಅಂತ ಅವನಿಗೊಬ್ಬನಿಗೇ ಗೊತ್ತು. ಹೊಸ ಮೇಡಂ ಮೊದಲ ದಿನ ಅವನನ್ನು ಕೇಳುತ್ತಾಳೆ, "ಹಳೇ ಸಾಹೇಬ್ರು ಹೇಗಿದ್ರು?" ಅವನು "ಎಲ್ಲಾ ಸಾಹೇಬ್ರೂ ಒಳ್ಳೆಯವರೇ ಮೇಡಂ" ಅನ್ನುತ್ತಾನೆ. ವೀಕ್ಷಕರಿಗೆ ಈ ಪಾತ್ರ ಹಿಡಿಸಿತು, ಎಲ್ಲರ ಆಫೀಸಿನಲ್ಲೂ ಇಂಥವರೊಬ್ಬರು ಇರುತ್ತಾರಲ್ಲ. ದೊಡ್ಡ ಪಾತ್ರಗಳು ಜಗಳ ಆಡುವಾಗ ಇಂಥ ಒಬ್ಬನ ಮುಖ ತೋರಿಸಿದರೆ ಸಾಕು, ಸಂಭಾಷಣೆ ಅರ್ಧ ಉಳಿಯುತ್ತದೆ.

ಸೆಟ್‌ನ ರಾಜಕೀಯ ಬೇರೆಯೇ ಇತ್ತು. ಅದನ್ನು ಬರೆಯೋಕೆ ಆಗಲ್ಲ, ಸಂಭಾಳಿಸಬೇಕು. ನಂಬರ್ ಟು ಮಾಡುತ್ತಿದ್ದ ನಟನಿಗೆ ದೊಡ್ಡೋರು ಹೋದಮೇಲೆ ತಾನೇ ಹೀರೊ ಅನ್ನೋ ನಂಬಿಕೆ ಇತ್ತು. ಪಾಪ, ಅವನದೂ ನನ್ನದೇ ಕೇಸು. ಸ್ಕ್ರಿಪ್ಟ್ ಕೈಗೆ ಸಿಕ್ಕ ತಕ್ಷಣ ಸಾಲು ಎಣಿಸುತ್ತಿದ್ದ. ಟೈಟಲ್‌ನಲ್ಲಿ ಯಾರ ಹೆಸರು ಮೊದಲು, ಪೋಸ್ಟರ್‌ನಲ್ಲಿ ನಡುವೆ ಯಾರು, ಕಾರಿನ ಮುಂದಿನ ಸೀಟಿನಲ್ಲಿ ಯಾರು, ಇವೆಲ್ಲ ದಿನಾ ಪಂಚಾಯ್ತಿ. ಒಂದು ದಿನ ಎರಡು ಗಂಟೆ ಶೂಟಿಂಗ್ ನಿಂತಿತು, ಕಾರಣ ಬಾಗಿಲಿನಿಂದ ಮೊದಲು ಒಳಗೆ ಬರೋದು ಯಾರು ಅಂತ. ಡೈರೆಕ್ಟರ್ ಜಾಣರು, "ನೀವೇ ಮೊದಲು ಬನ್ನಿ, ಆದರೆ ಬಂದು ಬಾಗಿಲು ಹಿಡಿದು ನಿಲ್ಲಿ" ಅಂದರು. ಅವನು ಖುಷಿಯಾಗಿ ಒಪ್ಪಿಕೊಂಡ. ತೆರೆಯ ಮೇಲೆ ನೋಡಿದರೆ ಅವನು ಮೇಡಂಗೆ ಬಾಗಿಲು ತೆಗೆದು ಕಾಯುತ್ತಿರುವ ಹಾಗೆ ಕಂಡಿತು, ಮುಖದಲ್ಲಿ ಆ ನಿಜವಾದ ಬಿಗುಮಾನ ಬೇರೆ. ಆ ಶಾಟನ್ನು ಆಮೇಲೆ ಟೈಟಲ್‌ಗೂ ಹಾಕಿದೆವು.

ಅವನಿಗೆ ನಾನು ಹೇಳಿದ ಒಂದು ಮಾತು ಕೆಲಸಕ್ಕೆ ಬಂತು. ಅಮೆರಿಕದ ಪೊಲೀಸ್ ಧಾರಾವಾಹಿ 'ಎನ್‌ವೈಪಿಡಿ ಬ್ಲೂ'ನಲ್ಲಿ 1994ರಲ್ಲಿ, ಎರಡನೇ ಸೀಸನ್‌ನ ಶುರುವಿನಲ್ಲೇ ಮುಖ್ಯ ನಟ ಡೇವಿಡ್ ಕರೂಸೊ ಹೋದರು. ಆಮೇಲೆ ಜೊತೆಗಾರರು ಒಬ್ಬರಾದಮೇಲೆ ಒಬ್ಬರು ಬಂದರು, ಹೋದರು. ಮೇಲಧಿಕಾರಿಗಳೂ ಬದಲಾದರು. ಡೆನಿಸ್ ಫ್ರಾಂಜ್ ಮಾಡಿದ ಸಿಪೊವಿಟ್ಜ್ ಮಾತ್ರ 12 ಸೀಸನ್ ಅಲ್ಲೇ ಇದ್ದ. 2005ರ ಕೊನೆಯ ಎಪಿಸೋಡಿನಲ್ಲಿ ತಂಡದ ಮುಖ್ಯಸ್ಥನ ಕುರ್ಚಿಯಲ್ಲಿ ಕೂರುವವನು ಅವನೇ. ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಅವನನ್ನು. "ಕುರ್ಚಿ ಸಿಗದವನನ್ನೇ ಜನ ಜಾಸ್ತಿ ನೋಡ್ತಾರೆ, ಸಿಕ್ಕಿದಮೇಲೆ ಕಥೆ ಮುಗೀತು" ಅಂದೆ. ಅವನು ಒಂದು ವಾರ ಸಾಲು ಎಣಿಸಲಿಲ್ಲ. ಈ ಮಾತನ್ನು ಅವನಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ಗೊತ್ತಿಲ್ಲ.

ಚಾನೆಲ್ ಕಡೆಯಿಂದ ಬಂದ ಸಲಹೆಗಳಲ್ಲಿ ಒಂದು ಎಲ್ಲರೂ ಊಹಿಸಬಹುದಾದದ್ದು: ಮೇಡಂ ಮತ್ತು ನಂಬರ್ ಟು ನಡುವೆ ಪ್ರೀತಿ ಹುಟ್ಟಿಸಿ. ಅಧಿಕಾರದ ಜಗಳ ಬರೆಯಲು ಆಗದಿದ್ದಾಗ ಎಲ್ಲರೂ ಹಿಡಿಯುವ ಅಡ್ಡದಾರಿ ಇದು. ಹೊಸ ಹೆಡ್ ಬೇಡ ಅನ್ನಲಿಲ್ಲ, "ಖಂಡಿತ, ಕೇಸು ಮುಗಿದಮೇಲೆ ಯೋಚನೆ ಮಾಡೋಣ" ಅಂದರು. ಪ್ರತಿ ವಾರ ಅದೇ ಉತ್ತರ. ಮೂರನೇ ವಾರಕ್ಕೆ ರೇಟಿಂಗ್ ಸ್ವಲ್ಪ ಏರಿತು, ಚಾನೆಲ್‌ನವರು ಮರೆತರು. ಬೇಡ ಅನ್ನದೆ ತಡಮಾಡೋದು. ಅದೂ ಒಂದು ಹತ್ತು ನಿಮಿಷವೇ ಅಲ್ವಾ? ನೋಡಿ ಕಲಿತೆ.

ಇನ್ನೊಂದು ಸಲಹೆ, ಮೇಡಂ ಮೊದಲ ಎಪಿಸೋಡಿನಲ್ಲೇ ಎಲ್ಲರ ಬಾಯಿ ಮುಚ್ಚಿಸುವ ಹಾಗೆ ಏನಾದರೂ ಮಾಡಲಿ ಅಂತ. ನಾಲ್ಕು ಜನ ರೌಡಿಗಳನ್ನು ಹೊಡೆಯೋದು, ಆ ಥರ. ಅದನ್ನು ನಾವು ಪೂರ್ತಿ ತಳ್ಳಿಹಾಕಿದೆವು. ಅವಳನ್ನು ತಂಡ ಒಪ್ಪಿಕೊಂಡದ್ದು ಏಳನೇ ಎಪಿಸೋಡಿನಲ್ಲಿ, ಅದೂ ಅವಳು ಗೆದ್ದದ್ದಕ್ಕಲ್ಲ. ಎರಡನೇ ಹೆಣದ ವರದಿ ಮೇಲಿನವರಿಗೆ ಹೋಗುವಾಗ ಅವಳು ನಂಬರ್ ಟು ಹೆಸರು ಬರೆಯಲ್ಲ. ಮೆಸೇಜ್ ಬಂದ ಟೈಮ್ ಬರೆಯುತ್ತಾಳೆ, ಗಸ್ತು ಕಳಿಸಿದ ಟೈಮ್ ಬರೆಯುತ್ತಾಳೆ, ಸಹಿ ಹಾಕುತ್ತಾಳೆ. ಓದುವವರು ಏನು ಬೇಕಾದರೂ ಅಂದುಕೊಳ್ಳಲಿ. ಆ ವರದಿಯನ್ನು ಟೈಪ್ ಮಾಡಿದ ಹುಡುಗ ಹೊರಗೆ ಬಂದು ಎಲ್ಲರಿಗೂ ಹೇಳುತ್ತಾನೆ. ಮರುದಿನ ಫೊರೆನ್ಸಿಕ್‌ನವರ ಫೋನ್ ಸೀದಾ ಅವಳಿಗೆ ಬರುತ್ತದೆ. ಯಾರೋ ನಂಬರ್ ಕೊಟ್ಟಿದ್ದಾರೆ. ನಾವು ಆ ಎಪಿಸೋಡ್ ಮುಗಿಸಿದ್ದು ಫೋನ್ ರಿಂಗ್ ಆಗೋದರ ಮೇಲೆ.

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಎಡಿಟ್ ತಡವಾಗಿ ಹಳೇ 6 ಎಪಿಸೋಡ್‌ಗಳಲ್ಲಿ ಒಂದು ಹಿಂದೆ ಉಳಿದುಬಿಟ್ಟಿತ್ತು. ಒಂದು ವಾರ ಮಳೆಯಿಂದ ಶೂಟಿಂಗ್ ನಿಂತು ಹೋದಾಗ ಪ್ರಸಾರಕ್ಕೆ ಬೇರೆ ಏನೂ ಇರಲಿಲ್ಲ. ಎದ್ದು ಹೋದ ದೊಡ್ಡೋರು ಎರಡು ವಾರದ ಮೇಲೆ ಕುರ್ಚಿಯಲ್ಲಿ ಪ್ರತ್ಯಕ್ಷ. ಶುರುವಿನಲ್ಲಿ "ಮೂರು ತಿಂಗಳ ಹಿಂದೆ" ಅಂತ ಅಕ್ಷರ ಹಾಕಿದೆವು, ಕೊನೆಗೆ ಡಬ್ಬಿಂಗ್‌ನಲ್ಲಿ ಹೊಸ ಮೇಡಂ ದನಿಯಲ್ಲಿ "ಈ ಫೈಲ್ ಇಲ್ಲಿಗೆ ಮುಗೀತಾ?" ಅಂತ ಒಂದು ಮಾತು ಸೇರಿಸಿದೆವು, ಅವಳು ಹಳೇ ಫೈಲ್ ಓದುತ್ತಿದ್ದಾಳೆ ಅನ್ನೋ ಹಾಗೆ. ಪ್ಯಾಚ್ ಕೆಲಸ. ಜನ ಅದನ್ನು ಎಷ್ಟು ಮೆಚ್ಚಿದರು ಅಂದರೆ, ಹೊಸ ಸಾಹೇಬರು ಹಳೇ ಸಾಹೇಬರ ಫೈಲ್ ಓದಿ ತಿಳಿದುಕೊಳ್ಳೋದು ಬಹಳ ಆಳವಾದ ಯೋಚನೆ ಅಂತ ಬರೆದಿದ್ದರು. ನಾವು ಒಪ್ಪಿಕೊಂಡೆವು.

ಈಗ ಮತ್ತೆ ಬರೆದರೆ ಒಂದನ್ನು ಬದಲಾಯಿಸುತ್ತೇನೆ. ದೊಡ್ಡೋರು ಹೋಗುವ ಕಾರಣವನ್ನು ನಾವು ಚೆನ್ನಾಗಿ ಬರೆಯಲಿಲ್ಲ. ವರ್ಗಾವಣೆ, ಆರೋಗ್ಯ ಅಂತ ಎರಡನ್ನೂ ಅರ್ಧರ್ಧ ಹೇಳಿದೆವು. ಅವರು ಒಂದು ದಿನ ಫೋನ್ ಎತ್ತಿ ನಂಬರ್ ಟುಗೆ "ಹೊಸಬಳಿಗೆ ತೊಂದರೆ ಕೊಡಬೇಡ" ಅನ್ನಬೇಕಿತ್ತು, ಇಲ್ಲ ಅನ್ನಬಾರದಿತ್ತು, ಎರಡರಲ್ಲಿ ಒಂದು. ಹೋದಮೇಲೂ ಹಳೇ ಮೇಲಧಿಕಾರಿಯ ಕೈ ಸ್ಟೇಷನ್‌ನಲ್ಲಿ ಆಡುತ್ತಿರುತ್ತದೆ. ಅದನ್ನು ಬರೆಯಲು ಇನ್ನೆರಡು ದಿನದ ಕಾಲ್‌ಶೀಟ್ ಬೇಕಿತ್ತು, ಬರೀ ದನಿ ಸಾಕಿತ್ತು. ಕೇಳುವ ಧೈರ್ಯ ಮಾಡಲಿಲ್ಲ.

ಚಾರ್ಟ್‌ನ ಆ ಖಾಲಿ ಮನೆ ಬಾಕಿ ಇದೆ. ನಾಲ್ಕನೇ ಎಪಿಸೋಡಿನಲ್ಲಿ ಹೊಸ ಮೇಡಂಗೆ ಯಾರೋ ಒಂದು ಸುಳಿವು ಮೊದಲೇ ತಲುಪಿಸುತ್ತಾರೆ. ತಂಡದೊಳಗಿನವರೇ. ಅವತ್ತಿನಿಂದ ನಂಬರ್ ಟು ತನ್ನ ಜೊತೆಗಾರರ ಮುಖವನ್ನು ಬೇರೆ ಥರ ನೋಡಲು ಶುರುಮಾಡುತ್ತಾನೆ. ನಾನು ಅದನ್ನು ಒಂಬತ್ತನೇ ಎಪಿಸೋಡಿಗೆ ಬಿಡಿಸಬೇಕು ಅಂತ ಪಟ್ಟು ಹಿಡಿದೆ. ಕ್ರೈಂ ಅಂದಮೇಲೆ ಯಾರು ಅಂತ ಹೇಳಲೇಬೇಕು, ವೀಕ್ಷಕರು ಬೈಯುತ್ತಾರೆ ಅಂದೆ. ಹೊಸ ಹೆಡ್ ತಲೆ ಅಲ್ಲಾಡಿಸಿದರು. "ಕೊಲೆಗಾರ ಯಾರು ಅಂತ ಹೇಳೋಣ. ಇದು ಬೇಡ. ಆಫೀಸಲ್ಲಿ ಇದು ಯಾವತ್ತಾದ್ರೂ ಗೊತ್ತಾಗತ್ತಾ?" ಅಂದು ನನ್ನ ಕಡೆ ನೋಡಿದರು. ಆ ಮನೆಯನ್ನು ಹಾಗೇ ಬಿಟ್ಟೆವು. ನಾಲ್ಕೈದು ಜನ ಬೈದರು ಕೂಡ.

ವಾಟ್ಸಾಪ್ ಗುಂಪನ್ನು ನಾನು ಅವತ್ತೇ ಅಳಿಸಿದ್ದೆ. ಅದರಲ್ಲಿದ್ದದ್ದು ನಾವು ನಾಲ್ಕು ಜನ. ಡೈಲಾಗ್ ಬರೆಯೋ ಹುಡುಗ, ಕಂಟಿನ್ಯುಯಿಟಿ ನೋಡುವವಳು, ಮೊದಲ ದಿನ ರಾತ್ರಿ ನನಗೆ ಫೋನ್ ಮಾಡಿದ ಅಸೋಸಿಯೇಟ್ ಡೈರೆಕ್ಟರ್, ನಾನು. ಮೂವರ ಜೊತೆಗೂ ಈಗಲೂ ಕೆಲಸ ಮಾಡುತ್ತಿದ್ದೇನೆ. ಮೂವರೂ ಒಳ್ಳೆಯವರೇ.